ಎರಡು ಕಾರ್ಡು, ನಡುವೆ ಒಂದು ಬ್ರಿಡ್ಜ್: ನನ್ನ ಎಂಟು ವಾರ

ಮೊನ್ನೆ ರಾತ್ರಿ ಕೊನೆಗೂ ಎಲ್ಲ ಕೂಡಿಬಂತು. ಎರಡೂ ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಪೂರ್ತಿ ಕೆಲಸ ಹೊರಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಯಂತ್ರ ಆಫ್ ಆಗಿರಲಿಲ್ಲ, ಹ್ಯಾಂಗ್ ಆಗಿರಲಿಲ್ಲ, ಓಡುತ್ತಲೇ ಇತ್ತು. ಇಷ್ಟಕ್ಕೆ ಎಂಟು ವಾರ ಹಿಡಿಯಿತು. ಈ ವಿಷಯ ಹುಡುಕಿದಾಗ ನನಗೆ ಸಿಕ್ಕಿದ್ದರಲ್ಲಿ ಅರ್ಧ ಹತ್ತು ವರ್ಷ ಹಳೆಯದು, ಉಳಿದರ್ಧ ಒಂದಕ್ಕೊಂದು ತಾಳೆಯಾಗದ್ದು. ಆದ್ದರಿಂದ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನೀವೂ ಎರಡು ಕಾರ್ಡು ಜೋಡಿಸಲು ಹೊರಟಿದ್ದರೆ ಹಣ ಕೊಡುವ ಮೊದಲು ಇದನ್ನು ಓದಿ.

ನನ್ನ ಬಳಿ ಇದ್ದದ್ದು ಒಂದೇ ಆರ್‌ಟಿಎಕ್ಸ್ 3090, 24 ಜಿಬಿ ಮೆಮೊರಿಯದು. ಅದರಲ್ಲಿ ಎರಡು ಬಗೆಯ ಕೆಲಸ ನಡೆಯುತ್ತಿತ್ತು: ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರಿಂಗ್ (ಸೀನಿನಿಂದ ಅಂತಿಮ ಚಿತ್ರ ತಯಾರಿಸುವುದು), ಮತ್ತು ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾಡೆಲ್‌ಗಳನ್ನು ಸ್ವಂತ ಯಂತ್ರದಲ್ಲೇ ಓಡಿಸುವುದು. ಒಂದು ರಾತ್ರಿ ಕಾಡಿನ ಸೀನೊಂದನ್ನು ರೆಂಡರ್‌ಗೆ ಹಾಕಿದೆ. ಮರ, ಎಲೆ, ದೊಡ್ಡ ದೊಡ್ಡ ಟೆಕ್ಸ್ಚರ್ (ಮೇಲ್ಮೈಗೆ ಹಚ್ಚುವ ಚಿತ್ರ) ಎಲ್ಲ ಸೇರಿ 31 ಜಿಬಿ ಬೇಡುತ್ತಿತ್ತು. ಮೆಮೊರಿ ಸಾಲದು ಎಂದು ನಿಂತೇ ಹೋಯಿತು. ಅದೇ ವಾರ 7,000 ಕೋಟಿ ಪ್ಯಾರಾಮೀಟರ್‌ನ (ಒಳಗಿನ ಸಂಖ್ಯೆಗಳ) ಮಾಡೆಲ್ ಒಂದನ್ನು ಪ್ರಯತ್ನಿಸಿದೆ. ಒಂದೊಂದು ಸಂಖ್ಯೆಯನ್ನೂ ನಾಲ್ಕು ಬಿಟ್‌ಗೆ ಇಳಿಸಿದರೂ ಅದು ಸುಮಾರು 40 ಜಿಬಿ. ಕಾರ್ಡಿನಲ್ಲಿ ಹಿಡಿಸದ ಭಾಗ ಸಿಪಿಯುಗೆ ಹೋಗಿ, ಒಂದೊಂದು ಪದಕ್ಕೂ ಕಾಯುವಂತಾಯಿತು. ಇನ್ನೊಂದು ಕಾರ್ಡು ತಂದು ನಡುವೆ ಬ್ರಿಡ್ಜ್ (ಎರಡು ಕಾರ್ಡುಗಳನ್ನು ನೇರವಾಗಿ ಜೋಡಿಸುವ ತುಂಡು) ಹಾಕಿದರೆ 48 ಜಿಬಿಯ ಒಂದೇ ಕಾರ್ಡು ಆಗಿಬಿಡುತ್ತದೆ ಅಂತ ನಾನು ಲೆಕ್ಕ ಹಾಕಿದೆ.

ಈ ಲೆಕ್ಕ ತಪ್ಪು. ಬ್ರಿಡ್ಜ್ ಹಾಕಿದ ಮಾತ್ರಕ್ಕೆ ಎರಡು ಕಾರ್ಡು ಒಂದಾಗುವುದಿಲ್ಲ. ಇದನ್ನೇ ನಂಬಿ ಹಣ ಹಾಕುವವರು ತುಂಬ ಜನ ಇದ್ದಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡು ಕಾರ್ಡು ಜೋಡಿಸುವ ಆಸೆ ಹಳೆಯದು. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡುಗಳಲ್ಲಿ ಎರಡು ಕಾರ್ಡು ಒಟ್ಟಿಗೆ ದುಡಿಸುವ ಎಸ್‌ಎಲ್‌ಐ ಬಂತು. ಪರದೆಯ ಒಂದು ಗೆರೆ ಈ ಕಾರ್ಡು, ಮುಂದಿನ ಗೆರೆ ಆ ಕಾರ್ಡು ಬಿಡಿಸುತ್ತಿತ್ತು. ಎನ್‌ವಿಡಿಯಾ ಅದೇ ಮೂರಕ್ಷರವನ್ನು 2004ರಲ್ಲಿ ಮತ್ತೆ ತಂದಿತು, ಆದರೆ ಒಳಗಿನ ವಿಧಾನ ಬೇರೆ. ಹೆಚ್ಚಿನ ಆಟಗಳಲ್ಲಿ ಒಂದು ಫ್ರೇಮ್ ಒಂದು ಕಾರ್ಡಿಗೆ, ಮುಂದಿನ ಫ್ರೇಮ್ ಇನ್ನೊಂದಕ್ಕೆ. ಹಾಗೆ ಮಾಡಲು ಎರಡೂ ಕಾರ್ಡುಗಳಲ್ಲಿ ಅದೇ ಟೆಕ್ಸ್ಚರ್, ಅದೇ 3ಡಿ ಆಕೃತಿ ಇರಲೇಬೇಕು. ಹಾಗಾಗಿ ಮೆಮೊರಿ ಕೂಡುವುದೇ ಇಲ್ಲ, ಎರಡರಲ್ಲೂ ಒಂದೇ ಸಾಮಾನು ತುಂಬಿರುತ್ತದೆ. ಬ್ರಿಡ್ಜ್ ಮಾಡುತ್ತಿದ್ದದ್ದು ಮುಖ್ಯವಾಗಿ ಒಂದು ಕಾರ್ಡು ಮುಗಿಸಿದ ಫ್ರೇಮನ್ನು ಪರದೆಗೆ ಸೇರಿದ ಕಾರ್ಡಿಗೆ ದಾಟಿಸುವುದು. ಆ ಕೆಲಸಕ್ಕೆ ಬ್ರಿಡ್ಜೇ ಬೇಕು ಅಂತಲೂ ಇರಲಿಲ್ಲ. ಎಎಂಡಿಯ ಇಂಥದ್ದೇ ಪದ್ಧತಿ ಕ್ರಾಸ್‌ಫೈರ್ 2013ರ ಆರ್9 290 ಕಾರ್ಡುಗಳಿಂದ ಬ್ರಿಡ್ಜ್ ಕೈಬಿಟ್ಟು, ಮದರ್‌ಬೋರ್ಡಿನ ಪಿಸಿಐಇ ದಾರಿಯಲ್ಲೇ ಫ್ರೇಮ್ ಕಳಿಸತೊಡಗಿತು.

ಆಮೇಲೆ ಆಟಗಳೇ ಬದಲಾದವು. ಈಗಿನ ಚಿತ್ರ ತಯಾರಿಯಲ್ಲಿ ಹಿಂದಿನ ಫ್ರೇಮಿನ ಮಾಹಿತಿ ಈ ಫ್ರೇಮಿಗೆ ಬೇಕು. ಹಿಂದಿನ ಫ್ರೇಮ್ ಪಕ್ಕದ ಕಾರ್ಡಿನಲ್ಲಿದ್ದರೆ ಅದು ಬರುವ ತನಕ ಈ ಕಾರ್ಡು ಕಾಯಬೇಕು. ಲಾಭವೆಲ್ಲ ಆ ಕಾಯುವಿಕೆಯಲ್ಲೇ ಕರಗಿತು. 2021ರ ಜನವರಿಯಿಂದ ಎನ್‌ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಆಟಕ್ಕೆ ಬೇಕಾದ ಹೊಂದಾಣಿಕೆ) ಸೇರಿಸುವುದನ್ನು ನಿಲ್ಲಿಸಿತು. 30ರ ಸರಣಿಯಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಎನ್‌ವಿಲಿಂಕ್ (ಎನ್‌ವಿಡಿಯಾದ ಹೊಸ ಬಗೆಯ ಬ್ರಿಡ್ಜ್ ಸಂಪರ್ಕ) ಬಾಯಿ ಇತ್ತು, 2022ರ 4090ರಲ್ಲಿ ಅದೂ ಇಲ್ಲ. ಆಟಕ್ಕೆಂದು ಎರಡನೇ ಕಾರ್ಡು ತರಲು ಹೊರಟಿದ್ದರೆ ದಯವಿಟ್ಟು ತರಬೇಡಿ. ಇರುವುದನ್ನು ಮಾರಿ, ಎರಡರ ದುಡ್ಡಿಗೆ ಒಂದು ಒಳ್ಳೇ ಕಾರ್ಡು ಕೊಳ್ಳಿ.

ನನ್ನದು ಆಟದ ವಿಷಯ ಅಲ್ಲ. ಇಂಥ ಯಂತ್ರ ಕಟ್ಟಿದ ಗೆಳೆಯನಿಗೆ ಫೋನ್ ಮಾಡಿ "ಬ್ರಿಡ್ಜ್ ಎಲ್ಲಿ ಸಿಗುತ್ತೆ?" ಅಂತ ಕೇಳಿದೆ. "ಬ್ರಿಡ್ಜ್ ಆಮೇಲೆ ನೋಡೋಣ ಕಣೋ. ನಿನ್ನ ಸಾಫ್ಟ್‌ವೇರ್‌ಗೆ ಕೆಲಸ ಹಂಚೋಕೆ ಬರುತ್ತಾ? ಅದು ಮೊದಲು ಹೇಳು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಕೂತು ಓದಿದೆ. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಹಂಚಿಕೊಳ್ಳುತ್ತದೆ, ಭಾಷಾ ಮಾಡೆಲ್ ಓಡಿಸುವ ಲಾಮಾ.ಸಿಪಿಪಿ ಹಂಚಿಕೊಳ್ಳುತ್ತದೆ, ಅದೇ ಕೆಲಸದ ವಿಎಲ್‌ಎಲ್‌ಎಂ ಹಂಚಿಕೊಳ್ಳುತ್ತದೆ. ಮೂರಕ್ಕೂ ಬ್ರಿಡ್ಜ್ ಕಡ್ಡಾಯವಲ್ಲ. ಅವನು ಇನ್ನೊಂದು ಮಾತೂ ಹೇಳಿದ್ದ: "ಕಂಪನಿ ಬೇರೆ ಆದ್ರೂ ನಡೆಯುತ್ತೆ, ಆದ್ರೆ ಮುಂದೆ ಬ್ರಿಡ್ಜ್ ಹಾಕೋ ಯೋಚನೆ ಇದ್ರೆ ಅದೇ ಕಂಪನಿ, ಅದೇ ಮಾಡೆಲ್ ತಗೋ. ಕಾರ್ಡಿನ ಎತ್ತರ ಬೇರೆ ಆದ್ರೆ ಎರಡು ಬಾಯಿ ಒಂದೇ ಮಟ್ಟಕ್ಕೆ ಬರಲ್ಲ." ಈ ಒಂದು ಮಾತು ನನ್ನನ್ನು ದೊಡ್ಡ ನಷ್ಟದಿಂದ ಉಳಿಸಿತು.

ಅದೇ ಮಾಡೆಲ್ ಹುಡುಕಲು ಎರಡು ವಾರ ಹೋಯಿತು. ಹೊಸದು ಸಿಗುವುದಿಲ್ಲ, ಬಳಸಿದ್ದೇ ಗತಿ. ಸಿಕ್ಕಾಗ ಮಾರುವವರಿಗೆ "ನಿಮ್ಮ ಎದುರೇ ಅರ್ಧ ಗಂಟೆ ಓಡಿಸಿ ನೋಡಬಹುದಾ ಸರ್?" ಅಂತ ಕೇಳಿದೆ. ಒಪ್ಪಿದರು. ಮುಜುಗರಪಡದೆ ಕೇಳಿ. ಒಪ್ಪದವರಿಂದ ಕೊಳ್ಳಬೇಡಿ. ಫ್ಯಾನ್ ಸದ್ದು, ಪರದೆಯಲ್ಲಿ ಚುಕ್ಕೆ, ಮೆಮೊರಿಯ ತಾಪಮಾನ, ಈ ಮೂರನ್ನು ಗಮನಿಸಿ. ಮೂಲ ಬಿಲ್ ಕೇಳಿ ಇಸಿದುಕೊಳ್ಳಿ, ಬಿಲ್ಲಿನ ಸೀರಿಯಲ್ ನಂಬರನ್ನು ಕಾರ್ಡಿನ ಹಿಂದಿನ ಚೀಟಿಗೆ ಹೋಲಿಸಿ. ವಾರಂಟಿ ಎರಡನೇ ಮಾಲೀಕರಿಗೂ ಸಲ್ಲುತ್ತದೆಯೇ ಎನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ, ಅದನ್ನು ಮೊದಲೇ ವಿಚಾರಿಸಿ.

ಕಾರ್ಡು ಮನೆಗೆ ಬಂದ ದಿನವೇ ಮೊದಲ ಅಡ್ಡಿ. ನನ್ನ ಮದರ್‌ಬೋರ್ಡಿನಲ್ಲಿ ಎರಡು ಉದ್ದನೆಯ ಸ್ಲಾಟ್ ಇದ್ದವು. ನೋಡಲು ಎರಡೂ ಒಂದೇ. ಎರಡನೆಯದಕ್ಕೆ ಕೂರಿಸಿದರೆ ಯಂತ್ರ ಬೂಟ್ ಆಗಲಿಲ್ಲ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) "ಅಬೌವ್ 4ಜಿ ಡಿಕೋಡಿಂಗ್" ಆನ್ ಮಾಡಿದ ಮೇಲೆ ಎದ್ದಿತು. ಕಾರ್ಡು ಕಾಣಿಸಿತು, ಆದರೆ ಅದರ ಸಂಪರ್ಕ ನಾಲ್ಕೇ ಲೇನ್ (ಮಾಹಿತಿ ಸಾಗುವ ದಾರಿ)! ಸ್ಲಾಟ್ 16 ಲೇನಿನಷ್ಟು ಉದ್ದ ಇದ್ದರೂ ಒಳಗೆ ತಂತಿ ಎಳೆದಿದ್ದು ನಾಲ್ಕಕ್ಕೆ, ಅದೂ ಸಿಪಿಯುಗೆ ನೇರ ಅಲ್ಲ, ಚಿಪ್‌ಸೆಟ್ ಮೂಲಕ. ಸಾಮಾನ್ಯ ಡೆಸ್ಕ್‌ಟಾಪ್ ಸಿಪಿಯುಗಳು ಗ್ರಾಫಿಕ್ಸ್‌ಗೆ ಕೊಡುವುದೇ 16 ಲೇನ್. ಅದನ್ನು 8 ಮತ್ತು 8 ಎಂದು ಎರಡು ಸ್ಲಾಟಿಗೆ ಒಡೆಯುವ ಬೋರ್ಡುಗಳು ಕೆಲವೇ. ಬೋರ್ಡಿನ ಕೈಪಿಡಿಯಲ್ಲಿ "ಎಕ್ಸ್16, ಅಥವಾ ಎಕ್ಸ್8/ಎಕ್ಸ್8" ಎಂಬ ಸಾಲು ಇದೆಯೇ ನೋಡಿ. ಸ್ಲಾಟಿನ ಉದ್ದ ನೋಡಿ ನಂಬಬೇಡಿ. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಪಕ್ಕದ ಸ್ಲಾಟಿನ ಲೇನ್ ಕಡಿಮೆಯಾಗುವುದೂ ಉಂಟು, ಅದೂ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಇನ್ನೊಂದು: ಸಂಪರ್ಕದ ವೇಗ ನೋಡುವಾಗ ಕಾರ್ಡಿಗೆ ಏನಾದರೂ ಕೆಲಸ ಕೊಟ್ಟೇ ನೋಡಿ. ಸುಮ್ಮನಿದ್ದಾಗ ವಿದ್ಯುತ್ ಉಳಿಸಲು ಅದು ತಾನಾಗಿ ಕೆಳಗಿನ ಪೀಳಿಗೆಯ ವೇಗಕ್ಕೆ ಇಳಿದಿರುತ್ತದೆ. ನಾನು ಅದನ್ನು ಕಂಡು ಅರ್ಧ ದಿನ ಕಂಗಾಲಾಗಿದ್ದೆ.

ಆದರೂ ಬಿಡದೆ ಅದೇ ಸ್ಥಿತಿಯಲ್ಲಿ, ಬ್ರಿಡ್ಜ್ ಇಲ್ಲದೆ, ನಾಲ್ಕು ಲೇನಿನಲ್ಲಿ ಮಾಡೆಲ್ ಓಡಿಸಿದೆ. ಸೆಕೆಂಡಿಗೆ 15 ಟೋಕನ್ (ಪದ ಅಥವಾ ಪದದ ತುಂಡು) ಆಸುಪಾಸು ಬಂತು. ಓದುವ ವೇಗಕ್ಕೆ ಧಾರಾಳವಾಗಿ ಸಾಕು. ನಿಜ ಹೇಳಬೇಕೆಂದರೆ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಇಷ್ಟು ಸಣ್ಣ ದಾರಿಯಲ್ಲೂ ಅದು ಹೇಗೆ ಓಡಿತು ಎನ್ನುವುದು ಆಮೇಲೆ ಅರ್ಥವಾಯಿತು. ಲಾಮಾ.ಸಿಪಿಪಿ ಸಾಮಾನ್ಯವಾಗಿ ಮಾಡೆಲನ್ನು ಪದರಗಳ (ಒಂದಾದ ಮೇಲೊಂದು ನಡೆಯುವ ಹಂತಗಳ) ಲೆಕ್ಕದಲ್ಲಿ ಹಂಚುತ್ತದೆ. ನನ್ನ ಮಾಡೆಲ್‌ನಲ್ಲಿ 80 ಪದರ. ಮೊದಲ 40 ಒಂದು ಕಾರ್ಡಿನಲ್ಲಿ, ಉಳಿದ 40 ಇನ್ನೊಂದರಲ್ಲಿ. ನಡುವೆ ದಾಟಬೇಕಾದ್ದು ಒಂದು ಟೋಕನಿಗೆ 8,192 ಸಂಖ್ಯೆಗಳು, ಎರಡೆರಡು ಬೈಟ್ ಎಂದರೆ 16 ಕೆಬಿ. ಅಷ್ಟನ್ನು ಕಳಿಸಲು ಹೆದ್ದಾರಿ ಬೇಡ, ಕಾಲುದಾರಿ ಸಾಕು. ಆದರೆ ಈ ಪದ್ಧತಿಯಲ್ಲಿ ಒಂದು ಕಾರ್ಡು ದುಡಿಯುವಾಗ ಇನ್ನೊಂದು ಸುಮ್ಮನೆ ಕೂತಿರುತ್ತದೆ. 3090ರ ಮೆಮೊರಿ ಸೆಕೆಂಡಿಗೆ 936 ಜಿಬಿ ಓದುತ್ತದೆ. 40 ಜಿಬಿಯ ಮಾಡೆಲನ್ನು ಪ್ರತಿ ಟೋಕನಿಗೂ ಪೂರ್ತಿ ಓದಬೇಕಾದ್ದರಿಂದ ಈ ಪದ್ಧತಿಯಲ್ಲಿ ಏನೇ ಮಾಡಿದರೂ ಸೆಕೆಂಡಿಗೆ 23 ಟೋಕನಿನ ಮೇಲೆ ಹೋಗದು. ಎರಡು ಕಾರ್ಡು ಇದ್ದೂ ವೇಗ ಒಂದರದ್ದೇ, ಹೆಚ್ಚಿದ್ದು ಜಾಗ ಮಾತ್ರ.

ಮೂರನೇ ದಿನ ರೆಂಡರ್ ಹಾಕಿದೆ. ಒಂದು ಕಾರ್ಡಿನಲ್ಲಿ ಹಿಡಿಸುವಷ್ಟು ಚಿಕ್ಕ ಸೀನ್. ಸೈಕಲ್ಸ್ ಇಬ್ಬರಿಗೂ ಕೆಲಸ ಹಂಚಿತು, ಫ್ಯಾನುಗಳು ಏರಿದವು, ಒಂದು ನಿಮಿಷವೂ ಆಗಿರಲಿಲ್ಲ. ಟಪ್ ಎಂದು ಇಡೀ ಯಂತ್ರ ಕತ್ತಲೆ. ಬಟನ್ ಒತ್ತಿದರೂ ಏಳಲಿಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ ಮೇಲೆ ಎದ್ದಿತು. ಲಾಗ್‌ನಲ್ಲಿ ಏನೂ ದಾಖಲಾಗಿರಲಿಲ್ಲ. ಈ ಲಕ್ಷಣ ಕಂಡರೆ ಸಾಫ್ಟ್‌ವೇರ್ ಕೆದಕುತ್ತಾ ಕೂರಬೇಡಿ. ಪವರ್ ಸಪ್ಲೈ ತನ್ನನ್ನು ತಾನು ಕಾಪಾಡಿಕೊಳ್ಳಲು ಕಡಿದುಕೊಂಡಿದೆ ಎಂದು ಅರ್ಥ. ನನ್ನದು 850 ವ್ಯಾಟಿನದು. ಕಾರ್ಡಿಗೆ 350ರಂತೆ 700, ಮೇಲೆ ಸಿಪಿಯು, ಕಾಗದದ ಮೇಲೆ ಹೇಗೋ ಸರಿಹೋಗುತ್ತದೆ. ಆದರೆ ಈ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿಗಿಂತ ತುಂಬ ಮೇಲಕ್ಕೆ ಜಿಗಿಯುತ್ತವೆ. ಎರಡೂ ಒಟ್ಟಿಗೆ ಜಿಗಿದರೆ ಮುಗಿಯಿತು. ಪ್ರತಿ ಕಾರ್ಡಿನ ಮಿತಿಯನ್ನು 250 ವ್ಯಾಟಿಗೆ ಇಳಿಸಿ ಹೊಸದು ಬರುವ ತನಕ ಹೇಗೋ ದೂಡಿದೆ.

ಹೊಸ ಪವರ್ ಸಪ್ಲೈ 1,300 ವ್ಯಾಟಿನದು ತಂದೆ. ಇಲ್ಲಿ ಎರಡು ಮಾತು ಹೇಳಲೇಬೇಕು. ಹಳೇ ಕೇಬಲ್ಲುಗಳನ್ನು ಕ್ಯಾಬಿನೆಟ್ಟಿನಲ್ಲೇ ಬಿಟ್ಟು ಪೆಟ್ಟಿಗೆಯನ್ನಷ್ಟೇ ಬದಲಿಸಲು ಹೋಗಬೇಡಿ. ಕಾರ್ಡಿನ ಕಡೆಯ ತುದಿ ಎಲ್ಲರದ್ದೂ ಒಂದೇ, ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ ಏನು ಎಂಬುದಕ್ಕೆ ಸಮಾನ ನಿಯಮ ಇಲ್ಲ. ಹೊಂದಿಕೊಂಡಂತೆ ಕಂಡರೂ ಕಾರ್ಡು ಸುಟ್ಟುಹೋಗಬಹುದು. ಎರಡನೆಯದು, ಒಂದೇ ಕೇಬಲ್ಲಿನ ತುದಿಯಲ್ಲಿ ಕವಲೊಡೆದ ಎರಡು ಕನೆಕ್ಟರ್ ಇದ್ದರೆ ಎರಡನ್ನೂ ಒಂದೇ ಕಾರ್ಡಿಗೆ ಹಾಕಬೇಡಿ. ಪ್ರತಿ 8 ಪಿನ್ ಬಾಯಿಗೆ ಪ್ರತ್ಯೇಕ ಕೇಬಲ್ ಎಳೆಯಿರಿ.

ಇಷ್ಟರಲ್ಲಿ ನಾಲ್ಕು ವಾರ ಕಳೆದಿತ್ತು. ಎರಡನೇ ಕಾರ್ಡಿಗೆ ಕೊಟ್ಟ ದುಡ್ಡಷ್ಟೇ ಖರ್ಚು ಅಂದುಕೊಂಡಿದ್ದೆ. ಪವರ್ ಸಪ್ಲೈ, 8 ಮತ್ತು 8 ಲೇನ್ ಕೊಡುವ ಹೊಸ ಮದರ್‌ಬೋರ್ಡ್, ಬ್ರಿಡ್ಜ್, ಥರ್ಮಲ್ ಪ್ಯಾಡ್ (ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಮೆತ್ತೆ) ಎಲ್ಲ ಕೂಡಿಸಿದರೆ ಆ ಕಾರ್ಡಿನ ಬೆಲೆಯ ಹತ್ತಿರ ಹತ್ತಿರವೇ ಇನ್ನೊಮ್ಮೆ ಖರ್ಚಾಗಿದೆ. ಬಜೆಟ್ ಹಾಕುವಾಗ ದುಪ್ಪಟ್ಟು ಹಾಕಿ.

ಇನ್ನು ಬ್ರಿಡ್ಜ್. ಕಾಡಿನ ಸೀನ್ ಇನ್ನೂ ಬಾಕಿಯಿತ್ತು. ಬ್ರಿಡ್ಜ್ ಇಲ್ಲದೆ ಸೈಕಲ್ಸ್ ಪೂರ್ತಿ ಸೀನನ್ನು ಎರಡೂ ಕಾರ್ಡಿಗೆ ತುಂಬುತ್ತದೆ, 31 ಜಿಬಿ ಎಲ್ಲಿ ಹಿಡಿಸೀತು? ಎನ್‌ವಿಲಿಂಕ್ ಇದ್ದರೆ ಸೀನನ್ನು ಎರಡರಲ್ಲಿ ಹಂಚಿಡುವ ಆಯ್ಕೆ ಅದರಲ್ಲಿದೆ. ನಾನು ಮಾಡಿದ ತಪ್ಪು ಎಂದರೆ ಹೊಸ ಮದರ್‌ಬೋರ್ಡ್ ಕೈಗೆ ಬರುವ ಮೊದಲೇ ಬ್ರಿಡ್ಜ್ ತರಿಸಿದ್ದು. 3090ಗೆಂದೇ ಮಾರುವ ಬ್ರಿಡ್ಜ್ ನಾಲ್ಕು ಸ್ಲಾಟ್ ಅಂತರದ್ದು. ಇದು ಬಾಗುವ ಕೇಬಲ್ ಅಲ್ಲ, ಗಟ್ಟಿ ಅಚ್ಚು. ಒಂದು ಸ್ಲಾಟ್ ಎಂದರೆ 20.32 ಮಿಲಿಮೀಟರ್, ನಾಲ್ಕಕ್ಕೆ 81. ಬೋರ್ಡ್ ಬಂದ ಮೇಲೆ ಸ್ಕೇಲ್ ಇಟ್ಟು ಅಳೆದೆ: 61 ಮಿಲಿಮೀಟರ್. ಮೂರು ಸ್ಲಾಟ್. ಇನ್ನೊಮ್ಮೆ ಅಳೆದೆ, ಮತ್ತೆ 61. ಬ್ರಿಡ್ಜನ್ನು ಪೆಟ್ಟಿಗೆಗೆ ವಾಪಸ್ ಇಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಹಿಂದಿರುಗಿಸುವ ಗಡುವು ಎರಡು ದಿನದ ಹಿಂದೆ ಮುಗಿದಿತ್ತು.

ಆರ್‌ಟಿಎಕ್ಸ್ ಎ6000 ಎಂಬ ವೃತ್ತಿಪರ ಕಾರ್ಡಿಗೆ ಮಾಡಿದ ಮೂರು ಸ್ಲಾಟಿನ ಬ್ರಿಡ್ಜ್ 3090ಗೂ ಕೂರುತ್ತದೆ ಎಂದು ಗೆಳೆಯ ಹೇಳಿದ. 20ರ ಸರಣಿಯ ಬ್ರಿಡ್ಜ್ ಮಾತ್ರ ಕೂರುವುದಿಲ್ಲ, ಬಾಯಿಯ ಆಕಾರವೇ ಬೇರೆ. ಹುಡುಕಿ, ಹಣ ಕಟ್ಟಿ, ಕಾಯಲು ಕುಳಿತೆ. ಮೂರು ವಾರ.

ಆ ಮೂರು ವಾರ ಹೊಸ ಬೋರ್ಡಿನಲ್ಲಿ, 8 ಮತ್ತು 8 ಲೇನಿನಲ್ಲಿ, ಬ್ರಿಡ್ಜ್ ಇಲ್ಲದೆ ಎಲ್ಲವನ್ನೂ ಅಳೆದು ಬರೆದಿಟ್ಟೆ. ಪದರ ಹಂಚಿಕೆಯ ಮಾಡೆಲ್: ಅದೇ 15 ಟೋಕನ್. ಬೋರ್ಡ್ ಬದಲಾದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಚಿಕ್ಕ ಸೀನಿನ ರೆಂಡರ್: ಒಂದು ಕಾರ್ಡಿಗಿಂತ ಹತ್ತಿರ ಹತ್ತಿರ ಅರ್ಧ ಸಮಯ. ನಿಮ್ಮ ಕೆಲಸ ಈ ಎರಡೇ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಬ್ರಿಡ್ಜ್ ನಿಮಗೆ ಬೇಡ.

ಬ್ರಿಡ್ಜ್ ಬಂದ ದಿನ ಸಂಜೆ ಟಾರ್ಚ್ ಹಿಡಿದು ಕೂತೆ. ಕಾರ್ಡುಗಳ ಮೇಲಂಚಿನಲ್ಲಿ ಕಪ್ಪು ರಬ್ಬರಿನ ಚಿಕ್ಕ ಮುಚ್ಚಳ ಇರುತ್ತದೆ, ಅದನ್ನು ಉಗುರಿನಿಂದ ಎಬ್ಬಿಸಬೇಕು. ಒಳಗೆ ಚಿನ್ನದ ಬಣ್ಣದ ಹಲ್ಲುಗಳ ಸಾಲು. ಮೇಲಿನ ಕಾರ್ಡಿಗೆ ಸಲೀಸಾಗಿ ಕೂತಿತು, ಕೆಳಗಿನದರಲ್ಲಿ ಕೂದಲೆಳೆಯಷ್ಟು ಅಂತರ ಉಳಿಯಿತು. ಭಾರಕ್ಕೆ ಕೆಳಗಿನ ಕಾರ್ಡು ತುಸು ಜೋತುಬಿದ್ದಿತ್ತು. ಅದರ ತುದಿಗೆ ಆಸರೆ ಕೊಟ್ಟು ಮಟ್ಟ ಮಾಡಿ, ಎರಡೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿದಾಗ ಮೆತ್ತಗೆ ಟಿಕ್ ಎಂದಿತು. ಒಂದು ಕಡೆಯಿಂದ ಮಾತ್ರ ಒತ್ತಬೇಡಿ, ಹಲ್ಲು ಗೀಚಿಹೋಗುತ್ತದೆ.

ಆನ್ ಮಾಡಿ, ಕಾರ್ಡುಗಳ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐಯಲ್ಲಿ ಎನ್‌ವಿಲಿಂಕ್ ಸ್ಥಿತಿ ಕೇಳಿದೆ. ಒಂದೊಂದು ಕಾರ್ಡಿಗೂ ನಾಲ್ಕು ಸಾಲು ಬಂದವು, ಪ್ರತಿ ಸಾಲಿನ ಕೊನೆಗೆ 14.062 ಜಿಬಿ. ನಾಲ್ಕೂ ಸೇರಿದರೆ ಒಂದು ದಿಕ್ಕಿಗೆ ಸೆಕೆಂಡಿಗೆ 56 ಜಿಬಿ ಚಿಲ್ಲರೆ. ಪಿಸಿಐಇ 4ರ ಎಂಟು ಲೇನಿನಲ್ಲಿ ಸಿಗುವುದು ಸುಮಾರು 16. ಅದಕ್ಕಿಂತ ದೊಡ್ಡ ವ್ಯತ್ಯಾಸ, ಬ್ರಿಡ್ಜ್ ಇಲ್ಲದಿದ್ದಾಗ ನನ್ನ ಯಂತ್ರದಲ್ಲಿ ಒಂದು ಕಾರ್ಡಿನ ಮಾಹಿತಿ ಸಿಸ್ಟಮ್ ಮೆಮೊರಿಗೆ ಹೋಗಿ, ಅಲ್ಲಿಂದ ಇನ್ನೊಂದು ಕಾರ್ಡಿಗೆ ಬರುತ್ತಿತ್ತು. ಈಗ ನೇರ. ನಿಮ್ಮಲ್ಲೂ ನಾಲ್ಕು ಸಾಲು ಬರಲೇಬೇಕು. ಕಡಿಮೆ ಬಂದರೆ ಬ್ರಿಡ್ಜ್ ಸರಿಯಾಗಿ ಕೂತಿಲ್ಲ.

ಲಾಭ ಕಂಡದ್ದು ವಿಎಲ್‌ಎಲ್‌ಎಂನ ಟೆನ್ಸರ್ ಹಂಚಿಕೆಯಲ್ಲಿ. ಇಲ್ಲಿ ಪ್ರತಿ ಪದರವನ್ನೂ ಅರ್ಧರ್ಧ ಸೀಳಿ ಎರಡೂ ಕಾರ್ಡು ಒಟ್ಟಿಗೆ ದುಡಿಯುತ್ತವೆ, ಪದರಕ್ಕೆ ಎರಡು ಸಲ ಲೆಕ್ಕ ಕೂಡಿಸಿಕೊಳ್ಳುತ್ತವೆ. 80 ಪದರಕ್ಕೆ 160 ಸಲ. ಒಂದೊಂದೇ ಟೋಕನ್ ಬರೆಯುವಾಗ ಪ್ರತಿ ಸಲ ಸಾಗುವುದು ಅದೇ 16 ಕೆಬಿ, ಹಾಗಾಗಿ ಬರೆಯುವ ವೇಗದಲ್ಲಿ ಬ್ರಿಡ್ಜ್ ತಂದ ಹೆಚ್ಚಳ ಸ್ವಲ್ಪವೇ. ಆದರೆ 4,000 ಟೋಕನ್ನಿನ ಉದ್ದನೆಯ ದಾಖಲೆ ಕೊಟ್ಟು ಪ್ರಶ್ನೆ ಕೇಳಿದರೆ ಅಷ್ಟನ್ನೂ ಒಟ್ಟಿಗೆ ಓದಬೇಕು. ಆಗ ಸಾಗುವುದು ಸುಮಾರು 10 ಜಿಬಿ. ಮೊದಲ ಪದ ಬರುವ ತನಕ ಕಾಯುತ್ತಿದ್ದದ್ದು ಕಣ್ಣಿಗೆ ಕಾಣುವಷ್ಟು ಇಳಿಯಿತು. ಚಿಕ್ಕ ಮಾಡೆಲ್‌ಗಳಿಗೆ ತರಬೇತಿ ಕೊಡುವಾಗ ವ್ಯತ್ಯಾಸ ಇನ್ನೂ ಹೆಚ್ಚು. ಅಲ್ಲಿ ಕಾರ್ಡುಗಳು ಪ್ರತಿ ಹೆಜ್ಜೆಗೂ ದೊಡ್ಡ ಗಂಟನ್ನೇ ಬದಲಾಯಿಸಿಕೊಳ್ಳುತ್ತವೆ.

ಬ್ರಿಡ್ಜ್ ತಂದ ಕಷ್ಟವನ್ನೂ ಹೇಳಬೇಕು. ಅದು ಗಟ್ಟಿ ಅಚ್ಚಾದ್ದರಿಂದ ಕಾರ್ಡುಗಳು ಮೂರು ಸ್ಲಾಟ್ ಅಂತರದಲ್ಲೇ ಇರಬೇಕು. ಕಾರ್ಡಿನ ದಪ್ಪವೇ ಮೂರು ಸ್ಲಾಟ್. ನಡುವೆ ಉಳಿದ ಸಂದಿಯಲ್ಲಿ ನನ್ನ ಕಿರುಬೆರಳೂ ತೂರುವುದಿಲ್ಲ. ಮೇಲಿನ ಕಾರ್ಡಿನ ಫ್ಯಾನುಗಳು ಕೆಳಗಿನ ಕಾರ್ಡಿನ ಬಿಸಿ ಬೆನ್ನಿನಿಂದಲೇ ಗಾಳಿ ಎಳೆಯಬೇಕು. 3090ರಲ್ಲಿ ಮೆಮೊರಿ ಚಿಪ್ಪುಗಳು ಎರಡೂ ಮಗ್ಗುಲಲ್ಲಿವೆ, ಬೆನ್ನು ಕಾಯುವುದು ಅದಕ್ಕೇ. ಕೋರ್ (ಕಾರ್ಡಿನ ಮುಖ್ಯ ಚಿಪ್ಪು) ತಾಪಮಾನ 75 ಡಿಗ್ರಿ ತೋರಿಸುತ್ತಿದ್ದಾಗಲೇ ಮೆಮೊರಿ 108 ಮುಟ್ಟಿತ್ತು. 110ಕ್ಕೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೋರ್ ನೋಡಿ ನೆಮ್ಮದಿಯಾಗಿರಬೇಡಿ, ಮೆಮೊರಿಯದ್ದನ್ನು ಬೇರೆಯಾಗಿ ತೋರಿಸುವ ಉಪಕರಣ ಹಾಕಿಕೊಳ್ಳಿ. ಸ್ಲಾಟಿನಿಂದ ಕಾರ್ಡಿಗೆ ಎಳೆಯುವ ರೈಸರ್ ಕೇಬಲ್ ಹಾಕಿ ಒಂದು ಕಾರ್ಡನ್ನು ದೂರ ಇಟ್ಟರೆ ಬಿಸಿ ಇಳಿಯುತ್ತದೆ, ಆದರೆ ಬ್ರಿಡ್ಜ್ ಕೂರುವುದಿಲ್ಲ. ಬ್ರಿಡ್ಜ್ ಬೇಡದವರಿಗೆ ಅದೇ ಉತ್ತಮ ದಾರಿ.

ನಾನು ಕೊಂಡ ಬಳಸಿದ ಕಾರ್ಡಿನ ಥರ್ಮಲ್ ಪ್ಯಾಡ್‌ಗಳು ಒಣಗಿ ಪುಡಿಯಾಗುತ್ತಿದ್ದವು. ಬಿಚ್ಚಿ ಬದಲಿಸಿದೆ. ವಾರಂಟಿ ಉಳಿದಿರುವವರು ಮೊದಲು ಅದರ ನಿಯಮ ನೋಡಿಕೊಂಡು ಕೈ ಹಾಕಿ. ಪ್ಯಾಡಿನ ದಪ್ಪ ಕಾರ್ಡಿನಿಂದ ಕಾರ್ಡಿಗೆ ಬೇರೆ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಎದ್ದು ನಿಂತು ಕೋರ್‌ಗೇ ತಾಗುವುದಿಲ್ಲ. ಹಳೆಯದನ್ನು ಅಳೆದು ಅದೇ ದಪ್ಪದ್ದನ್ನೇ ತನ್ನಿ. ಜೊತೆಗೆ ಎರಡೂ ಕಾರ್ಡುಗಳ ಮಿತಿಯನ್ನು 280 ವ್ಯಾಟಿಗೆ ಇಳಿಸಿದೆ. ಮಾಡೆಲ್ ಬರೆಯುವ ವೇಗದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ರೆಂಡರ್ ಮಾತ್ರ ತುಸು ನಿಧಾನವಾಯಿತು. ಮೆಮೊರಿ 92ಕ್ಕೆ ಬಂತು. ಈ ಮಿತಿ ರೀಬೂಟ್ ಆದ ಕೂಡಲೇ ಮತ್ತೆ 350ಕ್ಕೆ ಹೋಗುತ್ತದೆ, ಆದ್ದರಿಂದ ಯಂತ್ರ ಏಳುವಾಗಲೇ ತಾನಾಗಿ ಹಾಕಿಕೊಳ್ಳುವಂತೆ ಮಾಡಿಡಿ.

ಮೊನ್ನೆ ರಾತ್ರಿ ಓಡಲು ಬಿಟ್ಟದ್ದು ಆ ಕಾಡಿನ ಸೀನನ್ನೇ. ಮೆಮೊರಿ ಹಂಚುವ ಆಯ್ಕೆಗೆ ಟಿಕ್ ಹಾಕಿ ರೆಂಡರ್ ಒತ್ತಿದೆ. ಒಂದು ಕಾರ್ಡಿನಲ್ಲಿ 17, ಇನ್ನೊಂದರಲ್ಲಿ 16 ಜಿಬಿ ತುಂಬಿ ನಿಂತಿತು. ಹಿಂದೆ ದೋಷದ ಸಂದೇಶ ಬರುತ್ತಿದ್ದ ಜಾಗದಲ್ಲಿ ಮೊದಲ ಚೌಕ ಮೂಡಿತು, ಮಸುಕು ಮಸುಕಾಗಿ ಒಂದು ಮರದ ಬುಡ.